ತಾಯಿಯ ಮೈಕಟ್ಟು, ಮಗುವಿನ ಬೆಳವಣಿಗೆ

ಸಣ್ಣ ಮೈಕಟ್ಟಿನ ತಾಯಿಗೆ ಸಣ್ಣ ಮಗು ಹುಟ್ಟುವುದು ವಾಡಿಕೆ, ಅದರಲ್ಲಿ ಚಿಂತಿಸುವಂಥದ್ದೇನಿಲ್ಲ ಎಂಬ ಮಾತು ನಮ್ಮ ಹೆರಿಗೆ ವಾರ್ಡುಗಳಲ್ಲಿ ಬೇರೂರಿದೆ. ಈ ಪೀಠದಿಂದ ನಾನು ಪ್ರಶ್ನಿಸಬೇಕೆಂದಿರುವುದು ಅದನ್ನೇ. ತಾಯಿಯ ಎತ್ತರ ತೂಕಗಳು ಗರ್ಭಸ್ಥ ಶಿಶುವಿನ ಬೆಳವಣಿಗೆಗೆ ಎಲ್ಲೆ ಹಾಕುತ್ತವೆ, ನಿಜ. ಆದರೆ ಆ ಎತ್ತರ ತೂಕಗಳಲ್ಲಿ ದೊಡ್ಡ ಪಾಲು ಅವಳ ಬಾಲ್ಯದಲ್ಲಿ ಸಿಕ್ಕ, ಸಿಗದೆಹೋದ ಅನ್ನದ ಫಲ. ಬಸುರಿನ ಒಂಬತ್ತು ತಿಂಗಳಷ್ಟನ್ನೇ ನೋಡುವ ನಮ್ಮ ಲೆಕ್ಕಾಚಾರ ಅಲ್ಲಿಯೇ ಎಡವುತ್ತಿದೆ.

ಎಲ್ಲೆ ಹಾಕುವವಳು ತಾಯಿಯೇ ಎಂಬುದಕ್ಕೆ ಹಳೆಯ, ಇಂದಿಗೂ ಗಟ್ಟಿಯಾಗಿ ನಿಂತಿರುವ ಸಾಕ್ಷ್ಯವೊಂದಿದೆ. ಕೇಂಬ್ರಿಜ್‌ನ ವಾಲ್ಟನ್ ಮತ್ತು ಹ್ಯಾಮಂಡ್ ದೈತ್ಯಗಾತ್ರದ ಶೈರ್ ಕುದುರೆಗೂ ಪುಟ್ಟ ಶೆಟ್‌ಲ್ಯಾಂಡ್ ಕುದುರೆಗೂ ಕೃತಕ ಗರ್ಭಧಾರಣೆಯಿಂದ ಎರಡೂ ದಿಕ್ಕಿನಲ್ಲಿ ಸಂಕರ ಮಾಡಿ, 1938ರಲ್ಲಿ ಫಲಿತಾಂಶ ಪ್ರಕಟಿಸಿದರು. ಮರಿಗಳಿಗೆ ಬಂದ ವಂಶವಾಹಿಗಳು ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಆದರೂ ಶೈರ್ ತಾಯಿಯ ಮರಿ ಶೆಟ್‌ಲ್ಯಾಂಡ್ ತಾಯಿಯ ಮರಿಗಿಂತ ಹುಟ್ಟುವಾಗಲೇ ಸುಮಾರು ಮೂರು ಪಟ್ಟು ತೂಗಿತು. ಬೆಳೆದ ಮೇಲೂ ಆ ಅಂತರ ಪೂರ್ತಿ ಅಳಿಯಲಿಲ್ಲ. ಮನುಷ್ಯರಲ್ಲಿ ಇಂಥ ಪ್ರಯೋಗ ಸಲ್ಲದು. ಆದರೆ ದಾನದ ಅಂಡದಿಂದ ಬಸುರಾದವರ ಅಧ್ಯಯನದಲ್ಲೂ ಮಗುವಿನ ಜನನ ತೂಕ ಹೊಂದಿಕೊಂಡದ್ದು ಅಂಡ ಕೊಟ್ಟವಳ ತೂಕಕ್ಕಲ್ಲ, ಹೊತ್ತವಳ ತೂಕಕ್ಕೆ.

ಎತ್ತರ ವಂಶದಿಂದ ಬರುತ್ತದಲ್ಲವೇ ಎಂದು ಕೇಳುವವರಿದ್ದಾರೆ. ಒಂದಷ್ಟು ಬರುತ್ತದೆ, ಅಲ್ಲಗಳೆಯಲಾಗದು. ಆದರೆ ನಮ್ಮ ನಾಗಪುರವೂ ಸೇರಿದಂತೆ ಎಂಟು ದೇಶಗಳ ಊರುಗಳಲ್ಲಿ ನಡೆದ ಇಂಟರ್‌ಗ್ರೋತ್-21 ಅಧ್ಯಯನದಲ್ಲಿ, ಆರೋಗ್ಯವಂತರೂ ಪೋಷಣೆ ಚೆನ್ನಾಗಿದ್ದವರೂ ಆದ ತಾಯಂದಿರ ಶಿಶುಗಳು ಗರ್ಭದಲ್ಲಿ ಬೆಳೆದ ರೀತಿ ದೇಶದಿಂದ ದೇಶಕ್ಕೆ ಅಷ್ಟೇನೂ ಬದಲಾಗಲಿಲ್ಲ. ಭಾರತೀಯರ ಮಕ್ಕಳು ಸಣ್ಣಗಿರುವುದು ಜನಾಂಗದ ಗುಣ ಎನ್ನುವ ವಾದ ಇದರ ಮುಂದೆ ಸೊರಗುತ್ತದೆ.

ಎರಡನೆಯ ಆಕ್ಷೇಪ ನಮ್ಮ ಮನೆಗಳದು: ಬಸುರಿ ಹೆಚ್ಚು ಉಂಡರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟವಾದೀತು. ಈ ಭಯವನ್ನು ಹಗುರವಾಗಿ ಕಾಣಲಾರೆ. ಆಸ್ಪತ್ರೆ ದೂರವಿದ್ದ ಕಾಲದಲ್ಲಿ ಹೆರಿಗೆ ಕಟ್ಟಿಕೊಂಡರೆ ತಾಯಿಯ ಜೀವವೇ ಹೋಗುತ್ತಿತ್ತು. ಆದರೆ ಸಣ್ಣ ಮಗು ಎಂದರೆ ದೊಡ್ಡ ಮಗುವಿನ ಪುಟ್ಟ ರೂಪವಲ್ಲ. ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ಡಾ. ಯಾಜ್ಞಿಕ್ ಮತ್ತು ಸಂಗಡಿಗರು ಅಳೆದ ಶಿಶುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ 3.5 ಕಿಲೋ. ಕೊರತೆ ಬಿದ್ದದ್ದು ಸ್ನಾಯುವಿನಲ್ಲಿ, ಹೊಟ್ಟೆಯೊಳಗಿನ ಅಂಗಗಳಲ್ಲಿ. ಚರ್ಮದಡಿಯ ಕೊಬ್ಬು ಮಾತ್ರ ಬಹುಪಾಲು ಉಳಿದಿತ್ತು.

ಇದರ ಮುಂದಿನ ಪರಿಣಾಮವನ್ನು ಜಗತ್ತಿಗೆ ತೋರಿಸಿದ ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಮಿಷನ್ ಆಸ್ಪತ್ರೆ ಎಂದು ಊರವರು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ದಾದಿಯರು ಶ್ರದ್ಧೆಯಿಂದ ಬರೆದಿಟ್ಟ ಹೆರಿಗೆ ದಾಖಲೆಗಳನ್ನು ಹಿಡಿದು, ಅಲ್ಲಿ ಹುಟ್ಟಿದವರನ್ನು ಹುಡುಕಿ ಪರೀಕ್ಷಿಸಲಾಯಿತು. 1996ರ ವರದಿಯಂತೆ, 2.5 ಕಿಲೋ ಅಥವಾ ಅದಕ್ಕೂ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ. 11 ಮಂದಿಗೆ ಹೃದ್ರೋಗವಿತ್ತು. ತಾಯಿಯೂ 45 ಕಿಲೋಗಿಂತ ಕಡಿಮೆ ಇದ್ದಲ್ಲಿ ಅದು ಶೇ. 20. ಹಾಗಾದರೆ ತಾಯಿ ದಪ್ಪಗಾದಷ್ಟೂ ಒಳ್ಳೆಯದೇ? ಅಲ್ಲ. ಅದೇ ಊರಿನ ಮುಂದಿನ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಕಂಡದ್ದು ಭಾರದ ತಾಯಂದಿರಿಗೆ ಹುಟ್ಟಿದ, ಗಿಡ್ಡ ಗುಂಡು ಶಿಶುಗಳಾಗಿದ್ದವರಲ್ಲಿ. ಬಾಲ್ಯದಲ್ಲಿ ಕುಗ್ಗಿ, ಮದುವೆಯ ಹೊತ್ತಿಗೆ ತೂಕ ಏರಿಸಿಕೊಂಡ ಹೆಣ್ಣುಮಕ್ಕಳು ಹೆಚ್ಚುತ್ತಿರುವಾಗ ಈ ಎರಡನೆಯ ಎಚ್ಚರಿಕೆ ನನ್ನನ್ನು ಹೆಚ್ಚು ಕಾಡುತ್ತದೆ.

ಬಸುರಿನಲ್ಲಿ ಊಟ ಕೊಟ್ಟರೆ ಸಾಲದೇ ಎಂಬುದು ಕೊನೆಯ ಪ್ರಶ್ನೆ. ಗ್ಯಾಂಬಿಯಾದ ಹಸಿದ ಹಳ್ಳಿಗಳಲ್ಲಿ ಗರ್ಭಿಣಿಯರಿಗೆ ಕೊಟ್ಟ ಬಿಸ್ಕತ್ತು ಜನನ ತೂಕವನ್ನು ಸರಾಸರಿ 136 ಗ್ರಾಂ ಏರಿಸಿತು. ಬಸುರಿಯರಿಗೆ ಕೊಡುವ ನಮ್ಮ ಮಾತೃಪೂರ್ಣ ಯೋಜನೆಯ ಬಿಸಿಯೂಟ ನಿಲ್ಲಬಾರದು ಎನ್ನಲು ಅಷ್ಟು ಸಾಕು. ಆದರೆ ಮುಂಬಯಿಯ ಕೊಳೆಗೇರಿಗಳಲ್ಲಿ ಬಸುರಾಗುವ ಮೊದಲಿಂದಲೇ ಸೊಪ್ಪು, ಹಣ್ಣು, ಹಾಲಿನ ತಿಂಡಿ ಕೊಟ್ಟಾಗಲೂ ತೀರಾ ತೆಳ್ಳಗಿದ್ದ ತಾಯಂದಿರ ಮಕ್ಕಳ ತೂಕ ಏರಲಿಲ್ಲ. ಆದ್ದರಿಂದ ಈ ಸಮ್ಮೇಳನ ಸರ್ಕಾರವನ್ನು ಕೇಳಬೇಕಾದದ್ದು ಇಷ್ಟು: ಹೈಸ್ಕೂಲಿನ ಪ್ರತಿ ಹುಡುಗಿಯ ಎತ್ತರ ತೂಕವನ್ನು ವರ್ಷವರ್ಷವೂ ಅಳೆದು, ಕುಗ್ಗಿದವಳಿಗೆ ಆಗಲೇ ಆಹಾರ ಕೊಡಿ, ಅದೇ ಅಳತೆ ಮುಂದೆ ಅವಳ ತಾಯಿ ಕಾರ್ಡಿನ ಮೊದಲ ಪುಟಕ್ಕೆ ಬರಲಿ.