ಘೋಷಣೆಯಿಂದ ಚರಂಡಿಯವರೆಗೆ



ಲಂಡನ್ನಿನ ಲ್ಯಾಂಬೆತ್‌ನಲ್ಲಿ, ಥೇಮ್ಸ್ ನದಿಯ ದಂಡೆಯ ಮೇಲೆ, ಬಸವಣ್ಣನವರ ಪ್ರತಿಮೆಯಿದೆ. 2015ರಲ್ಲಿ ಅದು ಅನಾವರಣಗೊಂಡಂದಿನಿಂದ ಕನ್ನಡಿಗರು ಅಲ್ಲಿಗೆ ಹೋಗಿ ನಮಿಸಿ, ಚಿತ್ರ ತೆಗೆಸಿಕೊಂಡು ಬರುತ್ತಾರೆ. ಅಲ್ಲಿಯ ನದಿಗೋಡೆಯನ್ನು ಗಮನಿಸುವವರು ಕಡಿಮೆ. ನಗರವನ್ನು ಉಬ್ಬರದಿಂದ ಕಾಯುವ ಇಂಥ ಗೋಡೆಗಳನ್ನು 2065ರೊಳಗೆ ಎತ್ತರಿಸಿದರೆ ಸಾಕೆಂದು ಮೊದಲು ಅಂದಾಜಿಸಲಾಗಿತ್ತು. 2023ರಲ್ಲಿ ಆ ಗಡುವನ್ನು ಹದಿನೈದು ವರ್ಷ ಮುಂಚಿತವಾಗಿ, 2050ಕ್ಕೆ ನಿಗದಿಪಡಿಸಲಾಯಿತು. ನದಿದಂಡೆಯಲ್ಲಿ ಏನು ಕಟ್ಟಬೇಕು, ಎಷ್ಟು ಜಾಗ ಬಿಡಬೇಕು ಎಂಬುದರಲ್ಲಿ ಸ್ಥಳೀಯ ಕೌನ್ಸಿಲ್‌ನ ಮಾತು ನಡೆಯುತ್ತದೆ. ಲಂಡನ್ನಿನ ಆ ಕೌನ್ಸಿಲ್‌ಗಳಿಗೆ 2026ರ ಮೇ 7ರಂದು ಚುನಾವಣೆ.

ಬ್ರಿಟನ್ನಿನಲ್ಲಿ ಮೊದಲು ‘ಹವಾಮಾನ ತುರ್ತುಸ್ಥಿತಿ’ ಘೋಷಿಸಿದ್ದು ಬ್ರಿಸ್ಟಲ್ ನಗರ, 2018ರ ನವೆಂಬರ್‌ನಲ್ಲಿ. ಆನಂತರ ಮುನ್ನೂರಕ್ಕೂ ಹೆಚ್ಚು ಕೌನ್ಸಿಲ್‌ಗಳು ಅದೇ ದಾರಿ ಹಿಡಿದವು. ಕನ್ನಡದ ಕಿವಿಗೆ ತುರ್ತುಸ್ಥಿತಿ ಎಂದರೆ 1975, ಮಿತಿಯಿಲ್ಲದ ಅಧಿಕಾರ. ಇಲ್ಲಿಯ ತುರ್ತುಸ್ಥಿತಿ ಅದಕ್ಕೆ ತದ್ವಿರುದ್ಧ. ಅದರಿಂದ ಕೌನ್ಸಿಲ್‌ಗೆ ಹೊಸ ಅಧಿಕಾರವೂ ಬರಲಿಲ್ಲ, ಹಣವೂ ಬರಲಿಲ್ಲ. 2008ರ ಹವಾಮಾನ ಕಾಯ್ದೆಯ ಗುರಿಗಳು ಕೇಂದ್ರ ಸರ್ಕಾರವನ್ನು ಕಟ್ಟಿಹಾಕುತ್ತವೆ, ಕೌನ್ಸಿಲ್‌ಗಳನ್ನಲ್ಲ. ಆದ್ದರಿಂದ ಬೊಕ್ಕಸ ಬರಿದಾದಾಗ ಮೊದಲು ಕತ್ತರಿ ಬೀಳುವುದು ಈ ಬಾಬತ್ತಿಗೇ.

2025ರಲ್ಲಿ ರಿಫಾರ್ಮ್ ಪಕ್ಷದ ಆಡಳಿತಕ್ಕೆ ಬಂದ ಡರ್ಹಮ್ ಕೌನ್ಸಿಲ್ ತನ್ನ ಹವಾಮಾನ ಘೋಷಣೆಯನ್ನು ರದ್ದುಪಡಿಸಿ, ಅದರ ಜಾಗದಲ್ಲಿ ‘ಆರೈಕೆಯ ತುರ್ತುಸ್ಥಿತಿ’ ಘೋಷಿಸಿತು. ಹವಾಮಾನವೋ, ವೃದ್ಧರ ಹಾಗೂ ಮಕ್ಕಳ ಆರೈಕೆಯೋ ಎಂಬ ಆಯ್ಕೆ ಮತದಾರರ ಮುಂದೆ ಬಂದಿತು. ಈ ವಾದವನ್ನು ಗೇಲಿ ಮಾಡಿ ತಳ್ಳಿಹಾಕುವುದು ಸುಲಭ, ಆದರೆ ತಪ್ಪು. ಆರೈಕೆಯ ವೆಚ್ಚ ಕೌನ್ಸಿಲ್‌ಗಳನ್ನು ನಿಜಕ್ಕೂ ನುಂಗುತ್ತಿದೆ. ಆಯ್ಕೆ ಮಾತ್ರ ಸುಳ್ಳು. 2022ರ ಜುಲೈನಲ್ಲಿ ಇಂಗ್ಲೆಂಡಿನ ತಾಪ ಮೊದಲ ಬಾರಿಗೆ 40 ಡಿಗ್ರಿ ದಾಟಿತು. ಆ ಬೇಸಿಗೆಯ ಬಿಸಿಗಾಳಿಯ ದಿನಗಳಲ್ಲಿ 65 ದಾಟಿದವರ ಪೈಕಿ 2800ಕ್ಕೂ ಹೆಚ್ಚು ಅಧಿಕ ಸಾವುಗಳಾದವೆಂದು ಸರ್ಕಾರಿ ಅಂದಾಜು. ವೃದ್ಧಾಶ್ರಮದ ಕಿಟಕಿಗೆ ನೆರಳು ಮಾಡಿಸುವುದು ಆರೈಕೆಯೋ, ಹವಾಮಾನ ನೀತಿಯೋ?

ಪ್ರಣಾಳಿಕೆಗಳಲ್ಲಿ ‘ಹಸಿರು ಭವಿಷ್ಯ’ಕ್ಕೆ ಕೊರತೆಯಿಲ್ಲ. ಆದರೆ ಅಭ್ಯರ್ಥಿ ಬಾಗಿಲಿಗೆ ಬಂದಾಗ ಕೇಳಬೇಕಾದದ್ದು ಸಣ್ಣ ಪ್ರಶ್ನೆಗಳನ್ನು. 2021ರ ಜುಲೈನಲ್ಲಿ ಎರಡು ಬಾರಿ ಸುರಿದ ಮಳೆಗೆ ಲಂಡನ್ನಿನ ಬೀದಿಗಳು, ನೆಲಮಾಳಿಗೆಯ ಮನೆಗಳು, ಆಸ್ಪತ್ರೆಗಳು ಜಲಾವೃತವಾದವು. ಮಳೆನೀರಿನ ಪ್ರವಾಹವನ್ನು ನಿಭಾಯಿಸುವ ಸ್ಥಳೀಯ ಹೊಣೆಯನ್ನು 2010ರ ಕಾಯ್ದೆ ಲಂಡನ್ನಿನಲ್ಲಿ ಕೌನ್ಸಿಲ್‌ಗಳ ಮೇಲೆಯೇ ಹೊರಿಸಿದೆ. ಹಾಗಾದರೆ ಈ ವಾರ್ಡಿನ ಚರಂಡಿಗಳ ಹೂಳು ತೆಗೆಯುವುದು ವರ್ಷಕ್ಕೆ ಎಷ್ಟು ಬಾರಿ? ಕೌನ್ಸಿಲ್ ಬಾಡಿಗೆಮನೆಗಳ ದುರಸ್ತಿಗೆ ಯಾವ ವರ್ಷ, ಎಷ್ಟು ಹಣ?

ಒಂದು ಪ್ರಶ್ನೆ ಮನೆಯೊಡೆಯರಿಗೂ ಇದೆ. ಕಾರು ನಿಲ್ಲಿಸಲೆಂದು ಮನೆಮುಂದಿನ ಅಂಗಳಕ್ಕೆ ಕಾಂಕ್ರೀಟ್ ಹಾಸಿದವರಲ್ಲಿ ಕನ್ನಡಿಗರೂ ಇದ್ದಾರೆ. ಐದು ಚದರ ಮೀಟರಿಗಿಂತ ಹೆಚ್ಚು ಜಾಗವನ್ನು ನೀರು ಇಂಗದಂತೆ, ಹರಿದ ನೀರಿಗೆ ಬೇರೆ ದಾರಿ ಮಾಡದೆ ಮುಚ್ಚಲು 2008ರಿಂದ ಅನುಮತಿ ಬೇಕು. ಅಂಗಳದಲ್ಲಿ ಇಂಗದ ನೀರು ತಗ್ಗಿನ ಮನೆಯ ಬಾಗಿಲಿಗೆ ಹೋಗುತ್ತದೆ. ಆ ಮನೆ ಬಡವರದೂ ಆಗಿರಬಹುದು.

ಬೆಂಗಳೂರಿನ ಅನುಭವ ಇಲ್ಲಿ ಪಾಠವಾಗಬೇಕು. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಚುನಾಯಿತ ಸದಸ್ಯರ ಅವಧಿ ಮುಗಿಯಿತು. 2022ರಲ್ಲಿ ಹೊರ ವರ್ತುಲ ರಸ್ತೆ ಮುಳುಗಿದಾಗಲಾಗಲಿ, 2023ರ ನವೆಂಬರ್‌ನಲ್ಲಿ ನಗರದ ಹವಾಮಾನ ಕ್ರಿಯಾ ಯೋಜನೆ ಪ್ರಕಟವಾದಾಗಲಾಗಲಿ, ಜನರು ಹಿಡಿದು ಕೇಳಬಹುದಾದ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಅಲ್ಲಿ ಯೋಜನೆಯಿತ್ತು, ಮತವಿರಲಿಲ್ಲ.

ಇಲ್ಲಿ ಮತವಿದೆ. ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿದ ಭಾರತೀಯ ಪ್ರಜೆ, ಕಾಮನ್‌ವೆಲ್ತ್ ಪ್ರಜೆಯೆಂಬ ನೆಲೆಯಲ್ಲಿ, ಹೆಸರು ನೋಂದಾಯಿಸಿ ಮತ ಹಾಕಬಹುದು. ಮತಗಟ್ಟೆಯಲ್ಲಿ ಗುರುತಿಗೆ ಭಾರತದ ಪಾಸ್‌ಪೋರ್ಟೇ ಸಾಕು. ಕಲಬುರಗಿ ಮೂಲದ ನೀರಜ್ ಪಾಟೀಲರು ಇದೇ ಲ್ಯಾಂಬೆತ್‌ನ ಮೇಯರ್ ಆಗಿದ್ದರು. ಆದರೂ 2022ರ ಲಂಡನ್ ಕೌನ್ಸಿಲ್ ಚುನಾವಣೆಯಲ್ಲಿ ಮತ ಹಾಕಿದವರು ಮೂರರಲ್ಲೊಬ್ಬರಿಗಿಂತ ತುಸು ಹೆಚ್ಚು, ಅಷ್ಟೇ.

ಬಸವಣ್ಣನವರಿಗೆ ನಮಿಸಲು ಹೋದವರು ಆ ಗೋಡೆಯನ್ನೂ ಒಮ್ಮೆ ನೋಡಲಿ. ಅದು ಎಷ್ಟು ಎತ್ತರವಾಗಬೇಕು, ಯಾರ ಹಣದಲ್ಲಿ ಎಂದು ಬಾಗಿಲಿಗೆ ಬಂದ ಅಭ್ಯರ್ಥಿಯನ್ನು ಕೇಳಲಿ.