ಗುಂಡಿಗೆ ಮಾತ್ರ ಯಂತ್ರ ಯಾಕೆ ತಡವಾಗಿ ಬಂತು?

(ಒಡೆಯರಪಾಳ್ಯದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ರೋಬೋಟ್ ಬರುತ್ತದೆ, ಮನುಷ್ಯನ ಕೆಲಸ ಹೋಗುತ್ತದೆ ಎಂದು ಪಟ್ಟಣದ ಮಂದಿ ಈಗ ಗಾಬರಿಬಿದ್ದಿದ್ದಾರೆ. ಕುರ್ಚಿ ಮೇಲೆ ಕೂತವರಿಗೆ ಕುತ್ತು ಬಂದರೆ ಅದು ಲೋಕದ ಸಮಸ್ಯೆ. ನಮ್ಮ ಕೇರಿಗಳಿಗೆ ಈ ಸುದ್ದಿ ಹಳೇದು. ಹತ್ತಾಳು ಸೇರಿ ತೋಡುತ್ತಿದ್ದ ಕಾಲುವೆಯನ್ನು ಜೆಸಿಬಿ ಒಂದೇ ಹೊತ್ತಿಗೆ ಬಗೆದು ಹಾಕಿತು. ನಮ್ಮವ್ವಂದಿರು ಸೊಂಟ ಬಗ್ಗಿಸಿ ಕೀಳುತ್ತಿದ್ದ ಕಳೆಗೆ ಔಷಧಿ ಡಬ್ಬ ಬಂತು. ಮುಸುಕಿನ ಜೋಳ ಬಿಡಿಸೋಕೆ ಮಿಷಿನ್ನು ಬಂತು. ಆಗ ನಮ್ಮ ಕೂಲಿಯ ಲೆಕ್ಕ ಯಾರು ಕೇಳಿದರು? ಕೂಲಿ ಕಳಕೊಂಡವರು ಗಂಟು ಕಟ್ಟಿಕೊಂಡು ಬಸ್ಸು ಹತ್ತಿದರು, ಅಷ್ಟೆ.

ಹಾಗಂತ ನಾವು ಯಂತ್ರದ ವೈರಿಗಳಲ್ಲ. ಯಂತ್ರ ಬಿಡಿ, ರಾಟೆ ಹಿಡೀರಿ ಎಂದವರಿಗೆ ಬಾಬಾಸಾಹೇಬರು 1945ರಲ್ಲೇ ಉತ್ತರ ಕೊಟ್ಟಿದ್ದಾರೆ. ಮನುಷ್ಯ ಪಶುವಿನ ಬಾಳಿನಿಂದ ಬಿಡುಗಡೆಯಾಗಬೇಕಾದರೆ, ಓದಿಗೆ ಯೋಚನೆಗೆ ಬಿಡುವು ಸಿಗಬೇಕಾದರೆ ಯಂತ್ರ ಬೇಕೇ ಬೇಕು. ಕೆಡುಕು ಇರುವುದು ಯಂತ್ರದಲ್ಲಲ್ಲ, ಅದರ ಲಾಭವನ್ನು ಕೆಲವರೇ ಬಾಚಿಕೊಳ್ಳುವ ಸಮಾಜದಲ್ಲಿ ಎಂಬುದು ಅವರ ವಾದ.

ಈಗ ಒಂದು ಲೆಕ್ಕ ಹಾಕಿ. ಒಡೆಯನ ದುಡ್ಡು ಉಳಿಸೋ ಯಂತ್ರ ಹೊಲಕ್ಕೆ ಬೇಗ ಬಂತು. ನಮ್ಮವರ ಜೀವ ಉಳಿಸೋ ಯಂತ್ರ ಮ್ಯಾನ್‌ಹೋಲಿಗೆ ಯಾಕೆ ತಡವಾಯ್ತು?

1970ರ ದಶಕದಲ್ಲಿ, ಅರಸು ಸರ್ಕಾರದ ಮಂತ್ರಿ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಷೇಧಿಸಿದರು. 1993ರಲ್ಲಿ ದೆಹಲಿಯ ಕಾಯಿದೆ ಬಂತು. ಆದರೂ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆ ಮುಂದೆ ಮೈಮೇಲೆ ಮಲ ಸುರಿದುಕೊಂಡು ನ್ಯಾಯ ಕೇಳಬೇಕಾಯ್ತು. 2013ರಲ್ಲಿ ಇನ್ನೊಂದು ಕಾಯಿದೆ. ಒಳಚರಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ 30 ಲಕ್ಷ ಎಂದಿತು. ಹೆಣದ ಬೆಲೆ ಏರಿತು, ಸಾವು ನಿಲ್ಲಲಿಲ್ಲ.

2018ರಲ್ಲಿ ಕೇರಳದ ಎಳೆಯ ಎಂಜಿನಿಯರುಗಳು ತಿರುವನಂತಪುರದಲ್ಲಿ ಒಂದು ರೋಬೋಟ್ ಇಳಿಸಿದರು. ಹೆಸರು ಬ್ಯಾಂಡಿಕೂಟ್, ನಮ್ಮ ಮಾತಲ್ಲಿ ಹೆಗ್ಗಣ. ಗುಂಡಿಯೊಳಗೆ ಕಾಲೂರಿ, ಕ್ಯಾಮೆರಾದಲ್ಲಿ ತೋರಿಸುತ್ತಾ ಹೂಳು ಎತ್ತುತ್ತದೆ. ಆಳು ಮೇಲೆ ನಿಂತು ನಡೆಸುತ್ತಾನೆ. ಗುಂಡಿಗೆ ಇಳಿಯುತ್ತಿದ್ದವರಿಗೇ ಅದನ್ನು ನಡೆಸೋ ತರಬೇತಿಯನ್ನೂ ಕೊಟ್ಟರು. 2008ರಲ್ಲೇ ಚಂದ್ರನ ಸುತ್ತ ಯಂತ್ರ ಸುತ್ತಿಸಿದ ದೇಶ ಇದು. ಇದಕ್ಕೆ ವಿದ್ಯೆ ಕಮ್ಮಿ ಇರಲಿಲ್ಲ. ಗುಂಡಿಗಿಳಿಯೋ ಜಾತಿ ಅಗ್ಗಕ್ಕೆ ಸಿಗುತ್ತಿತ್ತು. ಮನುಷ್ಯ ಅಗ್ಗವಾಗಿರೋ ಕಡೆ ಯಂತ್ರ ಬರೋದಿಲ್ಲ ಗೆಳೆಯರೇ.

ಯಂತ್ರ ಬಂದರೂ ಕತೆ ಮುಗಿಯಲಿಲ್ಲ. ನಿನ್ನೆವರೆಗೆ ಗುಂಡಿಗೆ ಇಳಿದವನನ್ನು ಮನೆಗೆ ಕಳಿಸಿ, ಯಂತ್ರ ನಡೆಸೋ ಖಾಯಂ ಸಂಬಳ ಬೇರೆಯವನಿಗೆ ಕೊಟ್ಟರೆ? ಮಲದ ಜೊತೆ ಅನ್ನವೂ ಹೋಯ್ತು. ಅದಕ್ಕೇ ನಾವು ಎರಡನ್ನೂ ಒಟ್ಟಿಗೆ ಕೇಳಬೇಕು: ಗುಂಡಿಗೆ ಯಂತ್ರ, ಯಂತ್ರದ ನೌಕರಿ ಗುಂಡಿಗಿಳಿದವನ ಮನೆಗೆ.

ಓದಿದವರಿಗೆ ಕೆಲಸ ಇದೆ. ಐಟಿಐ ಮಾಡುವವರು ಈ ಯಂತ್ರಗಳ ರಿಪೇರಿ ಕಲೀರಿ. ಬಿ.ಎ. ಮಾಡುವವರು ಟೆಂಡರ್ ಕಾಗದ ಓದೋದು ಕಲೀರಿ. ಕೊಳ್ಳೇಗಾಲದ ನಗರಸಭೆಗೆ, ಹನೂರಿನ ಪಟ್ಟಣ ಪಂಚಾಯ್ತಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಚರಂಡಿ ಯಂತ್ರ ಎಷ್ಟಿವೆ? ಓಡ್ತಾ ಇವೆಯಾ, ತುಕ್ಕು ಹಿಡೀತಾ ಇವೆಯಾ? ನಡೆಸುವವನು ಖಾಯಮ್ಮೋ, ಕಂತ್ರಾಟೋ? ಅರ್ಜಿಗೆ ಹತ್ತು ರೂಪಾಯಿ. ಬಂದ ಉತ್ತರವನ್ನು ಮುಂದಿನ ಸಭೆಗೆ ತನ್ನಿ, ಒಟ್ಟಿಗೆ ಕೂತು ಓದೋಣ.

ಜೈ ಭೀಮ್.