ಕಾರಿಗೆ ಹೊಸ ಚಕ್ರ ಕೊಳ್ಳುವ ಮೊದಲು

ನಾನು ಕಲಿತದ್ದು ಎಸ್ಸೆಸ್ಸೆಲ್ಸಿ, ದುಡಿದದ್ದು ಬ್ಯಾಂಕಿನ ಕೌಂಟರಿನಲ್ಲಿ. ಇಂಥವನು ಕಾರಿನ ಚಕ್ರದ ಬಗ್ಗೆ ಮಾತಾಡುವುದೇ ಎಂದು ನೀವು ನಗಬಹುದು. ಆದರೆ ನಮ್ಮ ಕಾಸರಗೋಡಿನ ಕಡೆ ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಮನೆ ಅಪರೂಪ. ಊರಿನಲ್ಲಿರುವ ಹುಡುಗರಿಗಾಗಲಿ, ಅಲ್ಲಿರುವವರಿಗಾಗಲಿ, ಕಾರು ಕೈಗೆ ಬಂದ ಕೂಡಲೇ ಮೊದಲು ಕಾಣುವ ಕೊರತೆ ಚಕ್ರದ್ದು. ಕಂಪೆನಿ ಕೊಟ್ಟದ್ದನ್ನು ತೆಗೆದು ಹೊಳೆಯುವ ಅಲಾಯ್ ವೀಲ್ ಹಾಕಿಸಬೇಕು. ಹಾಕಿಸಲಿ, ಬೇಡವೆನ್ನುವುದಿಲ್ಲ. ಅದು ಆ ಕಾರಿಗೆ ಕೂರುತ್ತದೆಯೇ ಎಂದು ನೋಡುವುದು ಹೇಗೆ ಎಂಬುದಷ್ಟೇ ಈ ಹೊತ್ತಿನ ಮಾತು.

ನನ್ನ ತಂಗಿಯ ಮಗ ದುಬೈಯಲ್ಲಿದ್ದಾನೆ. 2018ರಲ್ಲಿ ಅವನೊಂದು ಹಳೆಯ ಟೊಯೊಟಾ 86 ಕೊಂಡ. ಎರಡೇ ಬಾಗಿಲು, ನೆಲಕ್ಕೆ ಹತ್ತಿರ ಕೂತ ಸ್ಪೋರ್ಟ್ಸ್ ಕಾರು. ಹಿಂದಿನ ಸೀಟು ಮಕ್ಕಳಿಗೆ ಮಾತ್ರ. ಟೊಯೊಟಾ ಮತ್ತು ಸುಬಾರು ಎಂಬ ಎರಡು ಜಪಾನಿ ಕಂಪೆನಿಗಳು ಸೇರಿ 2012ರಲ್ಲಿ ಮಾರುಕಟ್ಟೆಗೆ ತಂದ ಕಾರು ಅದು. ಇಬ್ಬರು ಸೇರಿ ಮಾಡಿದ್ದು ಎಂಬುದನ್ನು ನೆನಪಿಟ್ಟುಕೊಳ್ಳಿ, ಅದರಿಂದಲೇ ನಮಗೆ ಕಷ್ಟ ಬಂದದ್ದು.

2019ರ ಜನವರಿಯಲ್ಲಿ ನಾನು ಅಲ್ಲಿಗೆ ಹೋದೆ. ಹೋಗುವ ವಾರದ ಮೊದಲಷ್ಟೇ ಅವನು ಶಾರ್ಜಾದ ಒಂದು ಹಳೇ ಸಾಮಾನಿನ ಅಂಗಡಿಯಿಂದ ಬಂಗಾರದ ಬಣ್ಣದ ನಾಲ್ಕು ಚಕ್ರ ತಂದು ಹಾಕಿಸಿದ್ದ. ಕೊಟ್ಟ ದುಡ್ಡು ಊರಿನ ಮನೆ ಸಾಲದ ಮೂರು ಕಂತಿನಷ್ಟು. ಕಂತು ಕಟ್ಟಲು ತಿಂಗಳು ತಿಂಗಳು ಹೋಗುತ್ತಿದ್ದವನು ನಾನೇ ಆದ್ದರಿಂದ ಲೆಕ್ಕ ತಕ್ಷಣ ಹೊಳೆಯಿತು, ಬಾಯಿ ಬಿಡಲಿಲ್ಲ. "ಐದು ತೂತು, ಟೊಯೊಟಾಕ್ಕೆ ಆಗುತ್ತದೆ ಅಂತ ಅಂಗಡಿಯವನೇ ಹೇಳಿದ್ದು ಮಾವ" ಎಂದ.

ಶುಕ್ರವಾರ ರಾಸ್ ಅಲ್ ಖೈಮಾದ ಜಬಲ್ ಜೈಸ್ ಬೆಟ್ಟಕ್ಕೆ ಹೊರಟೆವು. ನಾನು ಮುಂದೆ, ಹಿಂದೆ ಅವನ ಏಳು ವರ್ಷದ ಮಗಳು. ವೇಗ 90 ದಾಟಿದ ಹಾಗೆ ಸ್ಟೇರಿಂಗ್ ನಡುಗಲಿಕ್ಕೆ ಹಿಡಿಯಿತು. ನನ್ನ ಅಂಗಾಲಿಗೂ ತಿಳಿಯುತ್ತಿತ್ತು. "ರಸ್ತೆಯದ್ದು" ಎಂದ. ಬೆಟ್ಟದ ತಿರುವಿನಲ್ಲಿ ಮುಂದಿನ ಟಯರು ಮಡ್‌ಗಾರ್ಡಿಗೆ ತಾಗಿ ಕರಕರ ಎಂದಿತು. ಮೇಲೆ ಹೋಗುತ್ತ ಎಡಗಡೆಯಿಂದ ಟಕ್ ಟಕ್ ಎಂಬ ಸದ್ದು. "ನಿಲ್ಲಿಸು ಮಾರಾಯಾ" ಎಂದು ನಾನೇ ಬೊಬ್ಬೆ ಹಾಕಿದೆ. ಇಳಿದು ನೋಡಿದರೆ ಮುಂದಿನ ಎಡ ಚಕ್ರದ ಐದು ನಟ್ಟಿನಲ್ಲಿ ಎರಡು ಕೈಬೆರಳಿಗೆ ತಿರುಗುತ್ತಿವೆ. ಒಂದು ಬದಿ ಬಂಡೆ, ಇನ್ನೊಂದು ಬದಿ ಪ್ರಪಾತ. ಮಗು "ಯಾಕೆ ಅಪ್ಪ ನಿಲ್ಲಿಸಿದ್ದು?" ಎಂದು ಕೇಳಿತು. ಅವನು ಉತ್ತರ ಕೊಡಲಿಲ್ಲ.

ಗಾಡಿಯನ್ನು ಲಾರಿಯ ಮೇಲೆ ಹಾಕಿ ಗ್ಯಾರೇಜಿಗೆ ತಂದೆವು. ಅಲ್ಲಿದ್ದ ಮೆಕ್ಯಾನಿಕ್ ಕಣ್ಣೂರಿನವರು. ನನ್ನ ಮಲಯಾಳ ಕೇಳಿ ಖುಷಿಯಾಗಿ, ಚಕ್ರ ಬಿಚ್ಚಿ ಮೇಜಿನ ಮೇಲಿಟ್ಟು, ಎರಡು ಗಂಟೆ ಪಾಠ ಮಾಡಿದರು. ನನಗೆ ಚೆಕ್ ಪಾಸು ಮಾಡುವುದೇ ನೆನಪಾಯಿತು. ತಾರೀಕು ಸರಿ, ಅಕ್ಷರ ಸರಿ, ಅಂಕೆ ಸರಿ, ಸಹಿ ಮಾತ್ರ ತಾಳೆಯಿಲ್ಲವೆಂದರೆ ಚೆಕ್ ವಾಪಸ್. ಚಕ್ರಕ್ಕೂ ಹಾಗೆಯೇ.

ಮೊದಲನೆಯದು ತೂತುಗಳ ವೃತ್ತ. ಇದಕ್ಕೆ ಪಿಸಿಡಿ ಅನ್ನುತ್ತಾರೆ. ತೂತುಗಳ ನಡುಬಿಂದುಗಳನ್ನು ಸೇರಿಸಿ ಒಂದು ಸುತ್ತು ಎಳೆದರೆ ಅದರ ಅಡ್ಡಳತೆ. ಟೊಯೊಟಾ 86ಕ್ಕೆ ಅದು 5×100, ಅಂದರೆ ಐದು ತೂತು, 100 ಮಿಲಿಮೀಟರ್. ಐದು ತೂತಿನ ಬೇರೆ ಎಷ್ಟೋ ಕಾರುಗಳಿಗೆ 114.3. ನಾಲ್ಕು ತೂತಿನದ್ದಾದರೆ ಎದುರುಬದುರು ತೂತಿನ ನಡುವೆ ಟೇಪು ಹಿಡಿದರೆ ಸಾಕು. ಐದು ತೂತಿಗೆ ಎದುರು ತೂತೇ ಇಲ್ಲ. ಪಕ್ಕಪಕ್ಕದ ಎರಡು ತೂತಿನ ನಡುವಿಂದ ನಡುವಿಗೆ ಅಳೆದು 1.7ರಿಂದ ಗುಣಿಸಿ. 58.8 ಬಂದರೆ 100, 67.2 ಬಂದರೆ 114.3. ಅಳಿಯನ ಚಕ್ರದಲ್ಲಿ ಸರಿಯಿದ್ದದ್ದು ಇದೊಂದೇ. ಊರಿನವರಿಗೂ ಒಂದು ಮಾತು: ಫಿಯಾಟ್ ಪುಂಟೋದ ಅಳತೆ 4×98. 4×100ರ ಚಕ್ರವನ್ನು ಅದಕ್ಕೆ ಒತ್ತಿ ಕೂರಿಸುವವರಿದ್ದಾರೆ. ಎರಡು ಮಿಲಿಮೀಟರ್ ತಾನೇ ಎನ್ನುತ್ತಾರೆ. ಬೋಲ್ಟು ಒಳಗೆ ಹೋಗುತ್ತದೆ, ನೇರ ಕೂರುವುದಿಲ್ಲ. ಹೆಸರು ನೋಡಿ ನಂಬುವ ಹಾಗೂ ಇಲ್ಲ. ಮಾಜ್ದಾ ಎಂಎಕ್ಸ್-5 ಎಂಬ ಸ್ಪೋರ್ಟ್ಸ್ ಕಾರಿನ ಮೊದಲೆರಡು ಪೀಳಿಗೆಗೆ 4×100, ಮೂರನೆಯದಕ್ಕೆ 5×114.3, ನಾಲ್ಕನೆಯದಕ್ಕೆ ಪುನಃ 4×100.

ಎರಡನೆಯದು ನಡುವಿನ ದೊಡ್ಡ ತೂತು. ಕಾರಿನ ಹಬ್ಬು ಅದರೊಳಗೆ ಕೂರಬೇಕು. ಈ ಕಾರಿನ ಹಬ್ಬು 56.1 ಮಿಲಿಮೀಟರ್, ತಂದ ಚಕ್ರದ ತೂತು 73.1. ಹೊರಗಿನ ಕಂಪೆನಿಗಳು ಹಲವು ಕಾರಿಗೆ ಆಗಲೆಂದು ತೂತು ದೊಡ್ಡದು ಮಾಡುತ್ತವೆ, ಅದು ತಪ್ಪಲ್ಲ. ನಡುವೆ ಬಳೆಯಂಥ ಒಂದು ರಿಂಗು ಹಾಕಬೇಕು, ಹೊರಗೆ 73.1, ಒಳಗೆ 56.1. ಬಹಳ ಅಗ್ಗದ ಸಾಮಾನು, ಅಂಗಡಿಯವನು ಕೊಟ್ಟಿರಲಿಲ್ಲ. ಚಕ್ರ ಕೂದಲೆಳೆಯಷ್ಟು ಓರೆ ಕೂತಿತ್ತು, ನಡುಕ ಅದರದ್ದು.

ಮೂರನೆಯದು ಅಗಲ ಮತ್ತು ಆಫ್‌ಸೆಟ್. ನನಗೆ ಅರ್ಥವಾಗಲು ಹೊತ್ತು ಹಿಡಿದದ್ದು ಇದೇ. ಚಕ್ರದ ಅಗಲದ ಸರಿಮಧ್ಯದಲ್ಲಿ ಒಂದು ಗೆರೆ ಎಂದುಕೊಳ್ಳಿ. ಚಕ್ರ ಹಬ್ಬಿಗೆ ತಾಗುವ ಮುಖ ಆ ಗೆರೆಯಿಂದ ಹೊರಬದಿಗೆ ಎಷ್ಟು ದೂರವೋ ಅದೇ ಆಫ್‌ಸೆಟ್. ಚಕ್ರದ ಮೇಲೆ ಇಟಿ ಎಂದು ಕೊರೆದಿರುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ. ಕಾರಿನೊಂದಿಗೆ ಬಂದದ್ದು 7 ಇಂಚು ಅಗಲ, ಇಟಿ 48. ಅಳಿಯ ತಂದದ್ದು 8.5 ಇಂಚು, ಇಟಿ 35. ಈಗ ಲೆಕ್ಕ ಹಾಕಿ. ಒಂದೂವರೆ ಇಂಚು ಎಂದರೆ 38 ಮಿಲಿಮೀಟರ್, ಬದಿಗೆ 19. ಇಟಿ 13 ಇಳಿಯಿತು. ಹೊರಬದಿಗೆ 19ಕ್ಕೆ 13 ಕೂಡಿ 32 ಮಿಲಿಮೀಟರ್ ಚಾಚಿತು. ಒಳಬದಿಗೆ 19ರಲ್ಲಿ 13 ಕಳೆದು 6. ಎರಡು ಸಾಲಿನ ಕೂಡು ಕಳೆ. ಚಕ್ರ ಕೊಳ್ಳುವ ಮೊದಲು ನಿಮ್ಮ ಕಾರಿನ ಟಯರಿನಿಂದ ಮಡ್‌ಗಾರ್ಡಿಗೆ, ಒಳಗೆ ಸ್ಪ್ರಿಂಗಿಗೆ ಎಷ್ಟು ಜಾಗವಿದೆ ಎಂದು ಅಳೆದು ಈ ಸಂಖ್ಯೆಗಳ ಪಕ್ಕದಲ್ಲಿಡಿ. ಬ್ರೇಕಿನ ಕ್ಯಾಲಿಪರಿಗೆ ಚಕ್ರದ ಕಡ್ಡಿ ತಾಗುತ್ತದೆಯೇ ಎಂಬುದು ಮಾತ್ರ ಲೆಕ್ಕದಲ್ಲಿ ಸಿಗದು, ಹಾಕಿ ತಿರುಗಿಸಿಯೇ ನೋಡಬೇಕು.

ಟಯರಿನದ್ದೂ ಹೀಗೆಯೇ. ಹಳೆಯದು 215/45, 17 ಇಂಚು. ಒಟ್ಟು ಎತ್ತರ 625 ಮಿಲಿಮೀಟರ್. ಹೊಸತು 225/40, 18 ಇಂಚು, 637. ಚಾಚಿದ್ದೂ ಅಲ್ಲದೆ ಎತ್ತರವೂ ಹೆಚ್ಚಾಗಿ ತಿರುವಿನಲ್ಲಿ ತಾಗಿತು. 215/40 ಹಾಕಿದ್ದರೆ 629, ಹಳೆಯದಕ್ಕೆ ಹತ್ತಿರ.

ಇನ್ನು ಆ ನಟ್ಟು. ಈ ಕಾರಿನ ಸ್ಟಡ್ಡು ಸುಬಾರುವಿನದ್ದು, 12 ಮಿಲಿಮೀಟರ್ ದಪ್ಪ, ಥ್ರೆಡ್ಡಿನ ಅಂತರ 1.25. ಟೊಯೊಟಾದ ಬೇರೆ ಎಷ್ಟೋ ಕಾರುಗಳಿಗೆ ಅದೇ ದಪ್ಪದಲ್ಲಿ 1.5. ಅಂಗಡಿಯವನು ಕಾರಿನ ಮುಂದಿನ ಮುದ್ರೆ ನೋಡಿ 1.5ರ ನಟ್ಟು ಕೊಟ್ಟ. ಅದು ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಗಾಳಿಯ ಗನ್ನು ಹಿಡಿದು ಬಿಗಿದರೆ ಥ್ರೆಡ್ಡು ಸೀಳಿಕೊಂಡು ಒಳಗೆ ಹೋಗುತ್ತದೆ; ನೋಡಲಿಕ್ಕೆ ಬಿಗಿಯೇ. ಐದೂ ಸ್ಟಡ್ಡು ಬದಲಾಯಿಸಬೇಕಾಯಿತು. ಆದ್ದರಿಂದ ನಟ್ಟನ್ನು ಮೊದಲು ಬೆರಳಿನಲ್ಲಿಯೇ ತಿರುಗಿಸಿ. ಕೊನೆಯವರೆಗೆ ಹಗುರವಾಗಿ ಹೋಗಬೇಕು. ನಟ್ಟಿನ ಬುಡ ಚೂಪೋ ದುಂಡೋ ಚಪ್ಪಟೆಯೋ, ಚಕ್ರದ ತೂತಿನ ಆಕಾರವೂ ಅದೇ ಇರಬೇಕು. ಬಿಗಿಯುವಾಗ ಒಂದು ಬಿಟ್ಟು ಒಂದು, ಟಾರ್ಕ್ ಸ್ಪ್ಯಾನರಿನಲ್ಲಿ. ಈ ಕಾರಿಗೆ 120 ನ್ಯೂಟನ್ ಮೀಟರ್. ನೂರು ಕಿಲೋಮೀಟರ್ ಓಡಿದ ಮೇಲೆ ಪುನಃ ನೋಡಿ. ಚಕ್ರದ ಹಿಂಬದಿಯಲ್ಲಿ ಎಷ್ಟು ಕಿಲೋ ಭಾರ ಹೊರುತ್ತದೆ ಎಂದು ಬರೆದಿದೆಯೇ, ಜಪಾನಿನ ಜೆಡಬ್ಲ್ಯುಎಲ್ ಥರದ ಪರೀಕ್ಷೆಯ ಗುರುತು ಇದೆಯೇ ಎಂದೂ ನೋಡಿ. ಏನೂ ಬರೆದಿಲ್ಲದ ಚಕ್ರವನ್ನು ನಾನಾದರೆ ಪುಕ್ಕಟೆ ಕೊಟ್ಟರೂ ಒಯ್ಯುವುದಿಲ್ಲ.

ಬಂಗಾರದ ಚಕ್ರಗಳು ಅರ್ಧ ಬೆಲೆಗೆ ಹೋದವು. ಕಾರು ಹಳೇ ಚಕ್ರದಲ್ಲಿ ಓಡಿತು. 2021ರಲ್ಲಿ ಒಂದು ರಾತ್ರಿ ಅಳಿಯನ ವಾಟ್ಸಾಪು ಬಂತು: 17 ಇಂಚು, ಅಗಲ 7.5, ಇಟಿ 40, 5×100, ರಿಂಗು ಸಮೇತ. ನಾನು ಹಳೇ ಪಾಸ್‌ಬುಕ್ಕಿನ ಹಿಂದೆ ಲೆಕ್ಕ ಹಾಕಿದೆ. ಹೊರಗೆ 14 ಮಿಲಿಮೀಟರ್, ಒಳಗೆ ಒಂದೂವರೆಯಷ್ಟು ಕಡಿಮೆಯೇ. ಪರವಾಗಿಲ್ಲ. ಫೋನು ಮಾಡಿ ಕೇಳಿದೆ, "ನಟ್ಟು?"

"1.25 ಮಾವ. ಇಪ್ಪತ್ತನ್ನೂ ಬೆರಳಿನಲ್ಲಿ ಹಾಕಿ ನೋಡಿದೆ."

"ಹಾಗಾದರೆ ದುಡ್ಡು ಕೊಡು" ಎಂದೆ.